ಮೆಟ್ಟಿಲು ಸಮೇತ ಗುಡ್ಡ ಹತ್ತಿದ ಮನೆ

ನಮ್ಮ ಮನೆಯ ನೀರಿನ ಕೊಡಕ್ಕೆ ಕಟ್ಟುವ ಬಟ್ಟೆಯ ಮೇಲೆ ಕೃಷ್ಣಾ ನದಿ ಹರಿಯುತ್ತದೆ. ಉತ್ಪ್ರೇಕ್ಷೆಯಲ್ಲ, ಬೇಕಾದರೆ ಬಂದು ನೋಡಿ. ಬೆಳಕಿಗೆ ಹಿಡಿದರೆ ಮಾಸಿದ ಎರಡು ಗೆರೆಗಳು ಡೊಂಕಾಗಿ ಸಾಗುವುದು ಕಾಣುತ್ತದೆ. ಹರಿಪುರದ ಹತ್ತಿರ ವಾರಣಾ ನದಿಯ ಇನ್ನೆರಡು ಗೆರೆ ಬಂದು ಕೂಡುತ್ತವೆ. ಆಮೇಲೆ ನದಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಡಿ, ಅಲ್ಲಿ ಅವ್ವ ಬಟ್ಟೆಯ ಅಂಚು ಮಡಿಚಿ ಹೊಲಿದಿದ್ದಾಳೆ.

ನಾವು ಜೈನರು, ಸೋಸದೆ ನೀರು ಕುಡಿದವರಲ್ಲ. ಅಪ್ಪ ಕಾಲುವೆ, ನದಿಗಳ ನಕಾಶೆ ಬರೆಯುವ ಕಚೇರಿಯೊಂದರಲ್ಲಿ ಟ್ರೇಸರ್, ಎಂದರೆ ಕೆಳಗಿಟ್ಟ ನಕಾಶೆಯ ಗೆರೆಗಳನ್ನು ಮೇಲೆ ಪ್ರತಿ ಎಳೆಯುವವರು, ಆಗಿದ್ದರು. ಆಗ ಟ್ರೇಸಿಂಗ್ ಮಾಡುತ್ತಿದ್ದುದು ಗಂಜಿ ಹಾಕಿ ಗಾಜಿನಂತೆ ಮಾಡಿದ ನಯವಾದ ಬಟ್ಟೆಯ ಮೇಲೆ. ಕೆಟ್ಟುಹೋದ ತುಂಡುಗಳನ್ನು ಅಪ್ಪ ಮನೆಗೆ ತರುತ್ತಿದ್ದರು. ಅವ್ವ ಅವನ್ನು ಕುದಿಯುವ ನೀರಲ್ಲಿ ಹಾಕಿ ಗಂಜಿ ಬಿಡಿಸಿದರೆ ಒಳಗಿಂದ ಬೆಣ್ಣೆಯಂಥ ಮಲಮಲ್ ಬರುತ್ತಿತ್ತು. ನಮ್ಮ ಕೈವಸ್ತ್ರ, ಅಕ್ಕನ ಲಂಗದ ಅಸ್ತರು, ನೀರು ಸೋಸುವ ಬಟ್ಟೆ ಎಲ್ಲ ಅದರದ್ದೇ. ಮಸಿ ಮಾತ್ರ ಪೂರ್ತಿ ಹೋಗುತ್ತಿರಲಿಲ್ಲ. ಶಾಲೆಯಲ್ಲಿ ನೆಗಡಿಯಾದಾಗ ನಾನು ಮೂಗು ಒರೆಸಿಕೊಳ್ಳುತ್ತಿದ್ದುದು ಯಾವುದೋ ತಾಲೂಕಿನ ಗಡಿಯಲ್ಲಿ. ಕೃಷ್ಣೆಯ ನೀರನ್ನು ಕೃಷ್ಣೆಯ ನಕಾಶೆಯಲ್ಲೇ ಸೋಸಿ ಕುಡಿದವರು ಸಾಂಗ್ಲಿಯಲ್ಲಿ ಬೇರೆ ಯಾರಿದ್ದಾರೋ ನಾನರಿಯೆ.

ಅಪ್ಪನ ನಂತರ ಅದೇ ಕಚೇರಿಯಲ್ಲಿ ನಾನೂ ಟ್ರೇಸರ್ ಆದೆ. ಬಟ್ಟೆ ಹೋಗಿ ಕಾಗದ ಬಂದಿತ್ತು. ಈಗ ಕಾಗದವೂ ಹೋಗಿ ಯಂತ್ರ ಬಂದಿದೆ. ನನ್ನನ್ನು ಟಪಾಲು ಮೇಜಿಗೆ ಕೂರಿಸಿದ್ದಾರೆ. ಸೇರಿದ ಮೊದಲ ದಿನ ಹಿರಿಯರೊಬ್ಬರು ಹೇಳಿದ್ದರು: “ಬಾಯಾರ, ಈ ಕೆಲಸಕ್ಕ ಕಣ್ಣ ಬೇಕು, ಬುದ್ಧಿ ಬ್ಯಾಡ. ಕೆಳಗ ಇದ್ದದ್ದು ಮ್ಯಾಲ ಬರಬೇಕು, ಅಷ್ಟ.” ಬುದ್ಧಿ ಬೇಡವೆಂದದ್ದು ನನಗೆ ಬಹಳ ಒಗ್ಗಿತು. ಇಷ್ಟು ವರ್ಷಗಳಲ್ಲಿ ಒಂದು ಗೆರೆಯನ್ನೂ ನೂಲಿನೆಳೆಯಷ್ಟು ಸಹ ಆಚೀಚೆ ಸರಿಸಿದವಳಲ್ಲ ನಾನು. ಒಂದೇ ಒಂದು ಸಲ ಸರಿಸಿದೆ. ಅದನ್ನೇ ಹೇಳಲು ಹೊರಟದ್ದು.

ಮನೆಯಲ್ಲಿ ನಾನು ಒಬ್ಬಳೇ. ಎರಡು ವರ್ಷದ ಹಿಂದಿನವರೆಗೆ ಇಬ್ಬರಿದ್ದೆವು, ನಾನು ಮತ್ತು ಅಕ್ಕ. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಮದುವೆಯಾದ ಮೂರನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತಿರುಗಿ ಬಂದಳು. ನಾನು ಮದುವೆಯಾಗದೆ ಉಳಿದೆ. ಹೊಳೆಗೆ ಹತ್ತಿರದ ಓಣಿಯಲ್ಲಿ, ಬಾಗಿಲ ಮುಂದೆ ನೀರಿನ ಕಡೆಗೆ ಇಳಿಯುವ ಐದು ಕಲ್ಲಿನ ಮೆಟ್ಟಿಲುಗಳಿರುವ ಈ ಮನೆಯಲ್ಲಿ ಇಬ್ಬರೂ ಮೂವತ್ತು ಚಿಲ್ಲರೆ ವರ್ಷ ಜಗಳವಾಡಿಕೊಂಡು ಚೆನ್ನಾಗಿದ್ದೆವು. ಅಡುಗೆಮನೆಯ ಕ್ಯಾಲೆಂಡರಿನ ಚೌಕಗಳಲ್ಲಿ ದಿನದ ಸಂಗತಿ ಬರೆಯುವುದು ನನ್ನ ಚಟ. ಹೊಳೆ ಇಂದು ಎಷ್ಟು ಫೂಟು, ಯಾವ ಪಲ್ಯ, ಯಾರು ಬಂದಿದ್ದರು. ಅಕ್ಕ ಅದರ ಕೆಳಗೆ ತನ್ನದೊಂದು ಸೇರಿಸುತ್ತಿದ್ದಳು: “ಪಲ್ಯಕ್ಕೆ ಉಪ್ಪು ಇರಲಿಲ್ಲ.” ಈಗ ಚೌಕಗಳಲ್ಲಿ ಜಾಗ ಉಳಿಯುತ್ತದೆ.

ಅಕ್ಕ ತೀರಿಕೊಂಡ ಮೇಲೆ ನನಗೆ ತಡವಾಗಿ ಹೊಳೆದ ಸಂಗತಿಯೊಂದುಂಟು. ಕನ್ನಡ ಮಾತಾಡಲು ಈ ಊರಲ್ಲಿ ನನಗೆ ಇನ್ನು ಯಾರೂ ಇರಲಿಲ್ಲ. ಕಚೇರಿ ಮರಾಠಿ, ಸಂತೆ ಮರಾಠಿ, ರಿಕ್ಷಾದವನು ಮರಾಠಿ. ದಿನಕ್ಕೆ ಒಂದೇ ಒಂದು ಸಲ, ಬೆಳಗ್ಗೆ ಹಾಲು ಕಾಯಿಸುವಾಗ, “ತಡಿ, ತಡಿ, ಉಕ್ಕಬ್ಯಾಡ” ಎನ್ನುತ್ತೇನೆ. ಹಾಲಿಗೆ ಕನ್ನಡ ಬರುತ್ತದೆ ಎಂದಲ್ಲ, ಕೇಳುವುದೂ ಇಲ್ಲ.

ಹೋದ ಬೇಸಿಗೆಯಲ್ಲಿ ಒಂದು ದಿನ ಸಾನಿಕಾ ಫೋನು ಮಾಡಿದಳು. ನನ್ನ ತಮ್ಮನ ಮಗಳು, ಕೊಲ್ಹಾಪುರದ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಾಳೆ. ಕನ್ನಡ ತಿಳಿಯುತ್ತದೆ, ಬಾಯಲ್ಲಿ ಮಾತ್ರ ಮುರಿದು ಬರುತ್ತದೆ.

“ಆತ್ಯಾ, ನನಗ ಒಂದು ಊರು ಬೇಕು.”

“ಯಾವ ಊರಿಗೆ ಹೊಂಟಿ?”

“ಹೊಂಟಿಲ್ಲ. ಮಾಡಬೇಕು. ಗೇಮ್‌ಗೆ.”

ಆ ಆಟ ನನಗೆ ತಿಳಿಯಲು ಮೂರು ಫೋನು ಬೇಕಾದವು. ಸಾನಿಕಾ ಮತ್ತು ಇಬ್ಬರು ಗೆಳೆಯರು ಭಾನುವಾರ ಮಧ್ಯಾಹ್ನ ಕಂಪ್ಯೂಟರಿನಲ್ಲಿ ಮುಖ ನೋಡಿಕೊಂಡು ಕೂತು ಒಂದು ಕತೆ ಆಡುತ್ತಾರೆ. ಸಾತಾರೆಯ ಓಂಕಾರ ಖಡ್ಗ ಹಿಡಿದ ವೀರ. ಮಿರಜಿನ ಫರ್ಹೀನ್ ಮಾಂತ್ರಿಕೆ. ಆಟದ ಹೊರಗೆ, ಹೊಟ್ಟೆಪಾಡಿಗೆ, ಮಿರಜಿನ ಔಷಧದ ಅಂಗಡಿಯೊಂದರಲ್ಲಿ ಕೂರುತ್ತಾಳೆ. ಸಾನಿಕಾ ಆಟ ನಡೆಸುವವಳು. ರಾಕ್ಷಸ, ರಾಜ, ಚಹಾದಂಗಡಿಯವ, ಮಳೆ, ಗಾಳಿ ಎಲ್ಲ ಅವಳೇ. ಗೊತ್ತಿಲ್ಲದ್ದನ್ನೆಲ್ಲ ಇಪ್ಪತ್ತು ಮುಖದ ದಾಳವೊಂದು ತೀರ್ಮಾನಿಸುತ್ತದೆ. ವೀರರು ತಂಗಲು ಒಂದು ಮಾಯಾನಗರ ಬೇಕಾಗಿತ್ತು, ಖರೇ ಊರಿನ ಹಾಗೆ ಕಾಣುವಂಥದ್ದು.

“ನೀವು ನಕಾಶೆ ಬರೀತೀರಲ್ಲ, ಆತ್ಯಾ.”

ಯಾರಾದರೂ ಹಾಗೆ ಕೇಳಿ ಎಷ್ಟು ವರ್ಷವಾಗಿತ್ತೋ! ಕಪಾಟಿನ ಮೇಲಿಂದ ಪೆನ್ನು, ಮಸಿ, ಉಳಿದಿದ್ದ ಟ್ರೇಸಿಂಗ್ ಕಾಗದದ ಸುರುಳಿ ಇಳಿಸಿದೆ. ಹಳೆಯ ನಕಾಶೆಯೊಂದನ್ನು ಕೆಳಗಿಟ್ಟು ಸಾಂಗ್ಲಿ, ಹರಿಪುರ, ಮಿರಜನ್ನು ಒಂದೇ ಊರಾಗಿ ಎಳೆದೆ. ನದಿ ನದಿಯೇ, ಸಂಗಮ ಸಂಗಮವೇ. ಪೂರ್ವಕ್ಕೆ, ಮಿರಜ ಇರುವಲ್ಲಿ, ಸಾನಿಕಾ ಹಟ ಮಾಡಿದಳೆಂದು ಒಂದು ಗುಡ್ಡ ಎಬ್ಬಿಸಿ ಕೋಟೆ ಇಟ್ಟೆ. ಅರಿಶಿನದ, ಮರಾಠಿಯಲ್ಲಿ ಹಳದದ, ಊರಾದ್ದರಿಂದ ಅವಳು ಹಳದಗಡ ಎಂದು ಹೆಸರಿಟ್ಟಳು.

ಚಿಕ್ಕಂದಿನಲ್ಲಿ ಅಪ್ಪ ನಮ್ಮಿಬ್ಬರನ್ನು ಮಿರಜ ಸ್ಟೇಷನ್ನಿಗೆ ಸುಮ್ಮನೆ ರೈಲು ನೋಡಲು ಒಯ್ಯುತ್ತಿದ್ದರು. ಅಗಲ ಹಳಿ, ನಡು ಹಳಿ, ಸಣ್ಣ ಹಳಿ, ಒಂದರ ಗಾಡಿ ಇನ್ನೊಂದರ ಮೇಲೆ ಹೋಗದು. ಅಕ್ಕ ಆ ಸಣ್ಣ ಗಾಡಿಯನ್ನು ನೋಡಿ, “ಅಪ್ಪಾ, ಇದು ಸುಮಿ ಗಾಡಿ” ಎನ್ನುತ್ತಿದ್ದಳು. ಸುಮಿ ಎಂದರೆ ನಾನು, ಕುಳ್ಳಿ. ಅದನ್ನೂ ಹಳದಗಡಕ್ಕೆ ಹಾಕಿದೆ: ಮೂವರು ರಾಜರು ಮೂರು ಅಳತೆಯ ದಾರಿ ಮಾಡಿದ್ದಾರೆ, ಕೋಟೆಯ ಬಾಗಿಲಲ್ಲಿ ಎಲ್ಲರೂ ಗಾಡಿ ಬದಲಿಸಲೇಬೇಕು.

“ಇದರಾಗ ಜಾದೂ ಏನೈತಿ?” ಎಂದಳು ಸಾನಿಕಾ.

“ಜಾದೂ ಇಲ್ಲ. ತ್ರಾಸ ಅದ. ಊರಂದ್ರ ತ್ರಾಸ ಇರಬೇಕು.”

ನೆಲಮಾಳಿಗೆ ಬೇಕೆಂದಳು, ರಾಕ್ಷಸ ಇರಲು. ಹರಿಪುರದ ಪೇವುಗಳನ್ನು ಕೊಟ್ಟೆ. ಪೇವು ಎಂದರೆ ಅರಿಶಿನ ತುಂಬಿಡಲು ನೆಲದೊಳಗೆ ತೋಡಿದ ಹಗೇವು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಮುಚ್ಚಳ ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಬಿಡಬೇಕು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ. ಅದನ್ನೂ ನಿಯಮವಾಗಿ ಬರೆದೆ. ನಾನೂ ಪರದೆಯ ಮುಂದೆ ನೋಡಲು ಕೂತ ಎರಡನೆಯ ಭಾನುವಾರವೇ ಓಂಕಾರನ ವೀರ ಖಡ್ಗ ಹಿರಿದು, “ಹರ ಹರ!” ಎಂದು ನೇರ ಪೇವಿನೊಳಗೆ ಹಾರಿದ. ರಾಕ್ಷಸನ ಮುಖ ನೋಡುವ ಮೊದಲೇ ಮೂರ್ಛೆ ಹೋದ. ಏಳು ತಲೆಯ ಸರ್ಪ ಕೊಂದವನು ಅರಿಶಿನಕ್ಕೆ ಬಿದ್ದನೆಂದು ಫರ್ಹೀನ್ ಬಿದ್ದು ಬಿದ್ದು ನಕ್ಕಳು. ಅಂದಿನಿಂದ ಅವರು ಯಾವ ಕೋಣೆ ಹೊಕ್ಕರೂ ಮೊದಲು ದೀಪ ಬಿಡುತ್ತಾರೆ, ಖಾನಾವಳಿಗೂ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸುವವಳಲ್ಲ. ಸಂಜೆ ಹೊತ್ತು ಮುಳುಗುವ ಮೊದಲು ನನ್ನ ಊಟ ಮುಗಿಯುತ್ತದೆ, ಆಮೇಲೆ ಮಾಡುವುದೇನು? ಹಳದಗಡದ ನಲವತ್ತೊಂದು ಮನೆಗಳಿಗೂ ಜನರನ್ನು ತುಂಬಿದೆ. ಯಾರ ಮನೆಯ ನಾಯಿ ಕಚ್ಚುತ್ತದೆ, ನಲ್ಲಿಯ ಹತ್ತಿರ ಯಾರಿಗೆ ಯಾರ ಜೊತೆ ಮಾತಿಲ್ಲ, ಸಿತಾರು ಮಾಡುವ ಸೋರೆಬುರುಡೆಗಳನ್ನು ಯಾವ ಮಾಳಿಗೆಯ ಮೇಲೆ ಒಣಹಾಕುತ್ತಾರೆ, ಎಲ್ಲ ಬರೆದೆ. ಸಾನಿಕಾ ಓದಿ, “ಆತ್ಯಾ, ಇದು ಗೇಮ್, ರೇಶನ್ ಕಾರ್ಡಲ್ಲ” ಎಂದಳು. ವೀರರು ಆ ನಲವತ್ತೊಂದರಲ್ಲಿ ಎರಡು ಮನೆ ಹೊಕ್ಕರು. ಉಳಿದ ಮೂವತ್ತೊಂಬತ್ತು ಮನೆಯವರು ನನ್ನ ಹಾಗೆಯೇ ಭಾನುವಾರ ಬಾಗಿಲು ತೆರೆದು ಕೂತಿದ್ದರು.

ಅದರಲ್ಲೊಂದು ನಮ್ಮ ಮನೆ. ಅದನ್ನು ಬರೆಯುವಾಗಲೇ ನನ್ನ ಕೈ ನಿಂತದ್ದು.

ಇಲ್ಲಿ ಒಂದು ಹಿಂದಿನ ಮಾತು ಹೇಳಬೇಕು. ನಮ್ಮ ಊರಿನ ನಕಾಶೆಗಳಲ್ಲಿ ಪೂರದ, ಎಂದರೆ ನೆರೆಯ, ಗೆರೆ ಎಂದು ಒಂದು ನೀಲಿ ಗೆರೆ ಇರುತ್ತದೆ, ಹಿಂದೆ ನೀರು ಎಲ್ಲಿಯವರೆಗೆ ಏರಿತ್ತು ಎಂಬುದರ ಗುರುತು. ನಮ್ಮ ಓಣಿಯ ಹತ್ತಿರ ಆ ಗೆರೆಯನ್ನು ಪ್ರತಿ ಮಾಡಿದವಳು ನಾನೇ. ನಮ್ಮ ಮನೆ ಅದರ ಆಚೆ, ನೀರು ಮುಟ್ಟದ ಕಡೆ. ದೊಡ್ಡ ಪೂರ ಬಂದ ಒಂದು ವರ್ಷ ಓಣಿಯವರೆಲ್ಲ ಗಂಟುಮೂಟೆ ಕಟ್ಟುತ್ತಿದ್ದರು. ಅಕ್ಕನೂ ತನ್ನ ಟ್ರಂಕನ್ನು ಎತ್ತಿ ಅಟ್ಟದ ಮೇಲಿಟ್ಟಿದ್ದಳು. ನಾನು ನಕ್ಕೆ.

“ಇಳಸ ಅಕ್ಕಾ. ಗೆರಿ ನಾನ ಹಾಕೇನಿ. ಇಲ್ಲೀತನಕಾ ನೀರ ಬರೂದಿಲ್ಲ.”

ಓದಿದವಳು ತಂಗಿ ಎಂದು ಅವಳು ನಂಬಿದಳು. ಟ್ರಂಕು ಇಳಿಸಿ ಮಂಚದ ಕೆಳಗೆ ತಳ್ಳಿದಳು. ಮಧ್ಯಾಹ್ನದೊಳಗೆ ನೀರು ಐದು ಮೆಟ್ಟಿಲು ಹತ್ತಿ, ಹೊಸ್ತಿಲು ದಾಟಿ, ಮಂಚ ಮುಳುಗಿಸಿತು. ನಾವು ಮಾಳಿಗೆ ಹತ್ತುವಷ್ಟರಲ್ಲಿ ಕೈಗೆ ಸಿಕ್ಕಿದ್ದು ಒಂದು ಸಣ್ಣ ಸ್ಟೋವು, ಹಾಲಿನ ಪಾತ್ರೆ, ಒಂದು ಚಾದರ. ಟ್ರಂಕಿನಲ್ಲಿ ಅಕ್ಕನ ಗಂಡನ ಫೋಟೋ ಇತ್ತು. ಇದ್ದದ್ದೇ ಅದೊಂದು.

ಮರುದಿನ ಬೆಳಗ್ಗೆ ದೋಣಿ ಬಂತು. ಅಕ್ಕ ಮಾಳಿಗೆಯ ಮೇಲೆ ಸ್ಟೋವು ಹಚ್ಚಿ ಹಾಲಿಟ್ಟು ಕೂತಿದ್ದಳು.

“ಆಜೀ, ಚಲಾ ಲವಕರ! ಪಾಣೀ ವಾಢತಯ!” ದೋಣಿಯ ಹುಡುಗರು ಕೂಗಿದರು, ನೀರು ಏರುತ್ತಿದೆ ಬೇಗ ಬಾ ಎಂದು.

“ತಡೀರಪಾ, ಹಾಲಿಗಿ ಒಂದ ಉಕ್ಕ ಬರ್ಲಿ,” ಎಂದಳು.

ಅವರು ಬೈಯುತ್ತ ಬೈಯುತ್ತ ತಡೆದರು. ಆಮೇಲೆ ದೋಣಿಯಲ್ಲಿ ಅದೇ ಹಾಲನ್ನು ಒಂದೊಂದು ಗುಟುಕು ಕುಡಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಅಕ್ಕ ನನ್ನ ಮೊಣಕೈ ತಿವಿದು ಕೇಳಿದಳು: “ಸುಮಿ, ನಿನ್ನ ಗೆರಿ ನೀರಿಗಿ ಯಾರೂ ಓದಿ ಹೇಳಿಲ್ಲೇನ?”

ಅಷ್ಟೇ. ಫೋಟೋದ ಮಾತು ಆ ದಿನ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ನಾನು “ತಪ್ಪಾತು” ಎನ್ನಲಿಲ್ಲ. ನಾಳೆ ಎಂದರಾಯಿತು, ನಾಡಿದ್ದು ಎಂದರಾಯಿತು ಎಂದು ವರ್ಷಗಳು ಹೋದವು. ಆಮೇಲೆ ಅಕ್ಕನೇ ಹೋದಳು.

ಹೀಗಾಗಿ ಹಳದಗಡದಲ್ಲಿ ನಮ್ಮ ಮನೆಯನ್ನು ಅದಿದ್ದ ಜಾಗದಲ್ಲಿ ಎಳೆಯಲು ನನ್ನ ಕೈ ಬರಲಿಲ್ಲ. ಆಟದಲ್ಲಿ ಮಳೆಗಾಲ ಬರುವುದಿತ್ತು, ಪೂರ ಎಷ್ಟು ಏರಬೇಕೆಂದು ದಾಳ ಹೇಳುವುದಿತ್ತು. ಕಾಗದದ ಕೆಳಗಿನ ಹಳೆಯ ನಕಾಶೆಯನ್ನು ಸರಿಸಿ, ಮನೆಯನ್ನು ಎತ್ತಿ ಮಿರಜಿನ ಗುಡ್ಡದ ನೆತ್ತಿಯ ಮೇಲೆ ಇಟ್ಟೆ. ಪಟ್ಟಿಯಲ್ಲಿ ಬರೆದೆ: ಒಬ್ಬ ಮುದುಕಿ, ಕನ್ನಡ ಮಾತಾಡುತ್ತಾಳೆ, ಅಟ್ಟದ ಮೇಲೆ ಒಂದು ಟ್ರಂಕು. ಸಾನಿಕಾಗೆ ಏನೂ ಹೇಳಲಿಲ್ಲ. ಕನ್ನಡವನ್ನು ಅವಳು ಹಳದಗಡದ ಹಳೆಯ ಹೊಳೆಜನರ ಗುಟ್ಟಿನ ಭಾಷೆ ಎಂದು ಆಟಕ್ಕೆ ಹೊಂದಿಸಿಕೊಂಡಳು.

ಮಳೆಗಾಲದ ಒಂದು ಭಾನುವಾರ ದಾಳ ಹದಿನೆಂಟು ಬಿತ್ತು. ಹಳದಗಡ ಮುಳುಗಿತು. ವೀರರು ಗುಡ್ಡ ಹತ್ತಿದರು. ನಾನು ಎಂದಿನಂತೆ ಪರದೆಯ ಮೂಲೆಯಲ್ಲಿ ಸುಮ್ಮನೆ ಕೂತು ಬೀನ್ಸ್ ಸೋಸುತ್ತ ನೋಡುತ್ತಿದ್ದೆ.

“ಒಂದು ನಿಮಿಷ,” ಎಂದ ಓಂಕಾರ ಮರಾಠಿಯಲ್ಲಿ. “ಈ ಮನೆಯ ಮುಂದೆ ಐದು ಮೆಟ್ಟಿಲಿವೆ. ಕೆಳಗೆ ಏನೂ ಇಲ್ಲ. ದಾರಿಯಿಲ್ಲ, ನೀರಿಲ್ಲ. ಬಂಡೆಗೆ ಹೋಗಿ ಮುಗಿಯುತ್ತವೆ!”

ಬೀನ್ಸು ಕೈಯಲ್ಲೇ ಉಳಿಯಿತು. ನಿಜ. ಮನೆಯನ್ನು ಎತ್ತುವಾಗ ಕೈ ತನ್ನ ಚಾಳಿ ಬಿಡದೆ ಇದ್ದದ್ದನ್ನೆಲ್ಲ ಪ್ರತಿ ಮಾಡಿತ್ತು, ಮೆಟ್ಟಿಲು ಸಮೇತ. ಇಷ್ಟು ವರ್ಷದ ಟ್ರೇಸರ್ ಒಮ್ಮೆ ಸುಳ್ಳು ಬರೆಯಲು ಹೋಗಿ, ಹೊಳೆಗಿಳಿಯುವ ಮೆಟ್ಟಿಲುಗಳನ್ನು ಗುಡ್ಡದ ತುದಿಯಲ್ಲಿ ನಿಲ್ಲಿಸಿದ್ದೆ.

ವೀರರಿಗೆ ಅದು ತಪ್ಪೆಂದು ಹೇಗೆ ಹೊಳೆಯಬೇಕು? ಗುಪ್ತದ್ವಾರ ಎಂದರು. ಮೆಟ್ಟಿಲು ಬಡಿದರು, ಎಣಿಸಿದರು, ಬಂಡೆಗೆ ಮಂತ್ರ ಹಾಕಿದರು, ದೀಪವನ್ನೂ ಬಿಟ್ಟು ನೋಡಿದರು. ಕೊನೆಗೆ ಬಾಗಿಲು ತಟ್ಟಿದರು.

“ಒಳಗೆ ಮುದುಕಿ ಇದ್ದಾಳೆ, ಹೊಳೆಜನರ ಭಾಷೆ,” ಎಂದು ಪಟ್ಟಿ ಓದಿದ ಸಾನಿಕಾ ತಡವರಿಸಿದಳು. “ಆತ್ಯಾ, ನನ್ನ ಕನ್ನಡ ಸಾಲಂಗಿಲ್ಲ. ನೀವ ಮಾತಾಡ್ರಿ ಆಕಿ ಸಲುವಾಗಿ.”

ಫರ್ಹೀನ್ ಮುಂದೆ ಬಂದಳು. ಮಿರಜಿನ ಆಸ್ಪತ್ರೆಗಳಿಗೆ ಬರುವ ಕನ್ನಡದ ರೋಗಿಗಳಿಂದ ಅಂಗಡಿಯಲ್ಲಿ ಕಲಿತ ಕನ್ನಡ ಅವಳದ್ದು. “ನಮಸ್ಕಾರ ಅಜ್ಜಿ. ಆರಾಮ ಅದೀರಿ? ಊಟ ಆಗೇತಿ?”

ಎರಡು ವರ್ಷದ ಮೇಲೆ ಈ ಮನೆಯಲ್ಲಿ ಯಾರೋ ಕನ್ನಡದಲ್ಲಿ ಊಟವಾಯಿತೇ ಎಂದು ಕೇಳಿದ್ದರು. ನನ್ನ ಬಾಯಿಂದ ಅಕ್ಕನ ದನಿ ಹೇಗೆ ಬಂತೋ ಕಾಣೆ.

“ಬರ್ರಿ, ಬರ್ರಿ. ಕಾಲ ತೊಳಕೊಳ್ರಿ ಮದಲ. ಕತ್ತಿ ಹೊರಗ ಇಡ್ರಿ, ಇದೇನ ಸಂತಿ ಅಲ್ಲ. ಕುಂದ್ರಿ.”

ಫರ್ಹೀನ್ ಮರಾಠಿಯಲ್ಲಿ ಹೇಳಿದ ಮೇಲೆ ಓಂಕಾರ ಕತ್ತಿ ಹೊರಗಿಟ್ಟ.

“ಅಜ್ಜಿ, ಈ ಮೆಟ್ಟಲಾ ಯಾಕ ಅದಾವ?” ಎಂದಳು ಫರ್ಹೀನ್.

“ನಮ್ಮ ತಂಗಿ ಮನಿ ಹೊತ್ತಕೊಂಡ ಮ್ಯಾಲ ತಂದ್ಲು. ಮೆಟ್ಟಲಾ ಬಿಟ್ಟ ಬರೂದು ಮರತ್ಲು. ಆಕೀದು ಭಾಳ ನೀಟ ಕೆಲಸಾ.”

ಸಾನಿಕಾ ನಕ್ಕಳು. ಆಮೇಲೆ ನಗುವುದು ನಿಲ್ಲಿಸಿ ಪರದೆಗೆ ಹತ್ತಿರ ಬಂದಳು. ಅವಳಿಗೆ ತಿಳಿಯಿತೆಂದು ನನಗೆ ತಿಳಿಯಿತು. ಪೂರದ ಕತೆ ಅವಳು ಅಕ್ಕನ ಬಾಯಿಂದಲೇ ಎಷ್ಟೋ ಸಲ ಕೇಳಿದ್ದಳು.

“ಅಜ್ಜಿ, ಟ್ರಂಕನ್ಯಾಗ ಏನೈತಿ?” ಫರ್ಹೀನ್‌ಗೆ ನಿಧಿಯ ಆಸೆ.

“ನಮ್ಮ ಮನಿಯವರದು ಫೋಟೋ. ನೋಡ್ರಿ ಬೇಕಾದ್ರ. ನೀರ ಹತ್ತಿಲ್ಲ.”

ಫರ್ಹೀನ್ ಅದನ್ನು ಮರಾಠಿಗೆ ತಿರುಗಿಸಿ ಹೇಳಿದಳು. ಓಂಕಾರನಿಗೆ ಅನುಮಾನ ಹೆಚ್ಚಾಯಿತು. ಮನೆ ಹೊತ್ತು ತರುವ ತಂಗಿ ಎಂದರೆ ಸಾಮಾನ್ಯದವಳಲ್ಲ, ಊರು ಮುಳುಗಿಸಿದವಳು ಅವಳೇ ಇರಬೇಕು. “ತಂಗಿ ವಿಲನ್ ಏನು? ಈ ಅಜ್ಜಿಗೆ ಅವಳ ಮೇಲೆ ಸಿಟ್ಟಿದೆಯಾ, ಕೇಳು.”

ಫರ್ಹೀನ್ ಕೇಳಿದಳು: “ಅಜ್ಜಿ, ತಂಗಿ ಮ್ಯಾಲ ನಿಮಗ ಸಿಟ್ಟ ಐತಿ?”

ಅಲ್ಲಿಯವರೆಗೆ ತಾನಾಗಿ ಬರುತ್ತಿದ್ದ ದನಿ ನಿಂತಿತು. ಅಕ್ಕ ಉಪ್ಪಿಗೆ ಏನನ್ನುತ್ತಾಳೆ, ಕತ್ತಿಗೆ ಏನನ್ನುತ್ತಾಳೆ ಎಲ್ಲ ನನಗೆ ಬರುತ್ತದೆ. ಇದನ್ನು ಅವಳು ಎಂದೂ ಹೇಳಿರಲಿಲ್ಲ. ಕೆಳಗಿಲ್ಲದ ಗೆರೆಯನ್ನು ಮೇಲೆ ಎಳೆಯುವುದು ಹೇಗೆ?

“ಗೊತ್ತಿಲ್ಲದಿದ್ದರೆ ದಾಳ ಹಾಕಬೇಕು, ರೂಲ್ ಇದೆ,” ಎಂದ ಓಂಕಾರ ಮರಾಠಿಯಲ್ಲಿ. “ಹತ್ತರ ಮೇಲೆ ಬಿದ್ದರೆ ಸಿಟ್ಟಿಲ್ಲ.”

ಸಾನಿಕಾ ದಾಳವನ್ನು ಕೈಯಲ್ಲಿ ಹಿಡಿದಿದ್ದಳು. ಹಾಕಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

“ದಾಳ ಬ್ಯಾಡ,” ಎಂದೆ. ಅದು ಅಕ್ಕನ ದನಿಯಲ್ಲ, ನನ್ನದೇ.

ಸಾನಿಕಾ ದಾಳವನ್ನು ಕೆಳಗಿಟ್ಟಳು. ಆಮೇಲೆ ಫರ್ಹೀನ್ ಮೆಲ್ಲಗೆ, “ಆ ತಂಗಿ ಎಲ್ಲಿ ಅದಾಳ್ರಿ?” ಎಂದಳು.

“ಕೆಳಗ. ಹೊಳಿ ಹಂತ್ಯಾಕ. ಗೆರಿ ಅದ ಅಂತ ನಂಬಕೊಂಡ ಕುಂತಾಳ, ಒಬ್ಬಾಕಿನ.”

“ನೀರಿನಲ್ಲಿಯಾ? ಒಬ್ಬಳೇ?” ಫರ್ಹೀನ್ ತಿರುಗಿಸಿ ಹೇಳಿದ್ದು ಕೇಳಿ ಓಂಕಾರ ಎದ್ದೇಬಿಟ್ಟ. ಗುಪ್ತದ್ವಾರ, ನಿಧಿ ಎಲ್ಲ ಮರೆತ. ಅವನ ಪ್ರಕಾರ ವಿಲನ್ ಆದರೂ ಮುಳುಗಲು ಬಿಡುವಂತಿಲ್ಲ, ಮೊದಲು ಕರೆತಂದು ಆಮೇಲೆ ವಿಚಾರಿಸಬೇಕು. ಬಾಗಿಲು ಕಿತ್ತು ದೋಣಿ ಮಾಡಿದರು. ಅಕ್ಕನ ಮನೆಯ ಬಾಗಿಲನ್ನೇ.

“ಆತ್ಯಾ,” ಎಂದಳು ಸಾನಿಕಾ, ನಕಾಶೆಯ ಮೇಲೆ ಬಾಗಿ, “ಕೆಳಗಿನ ಓಣಿಯಾಗ ಆ ಜಾಗಾ ಖಾಲಿ ಐತಿ. ಯಾವ ಮನಿಗೆ ಹೋಗಬೇಕು ಅವರು?”

ನಾನು ಪೆನ್ನು ತೆಗೆದುಕೊಂಡೆ. ಕೆಳಗೆ ಯಾವ ನಕಾಶೆಯೂ ಇಲ್ಲದೆ, ನೀಲಿ ಗೆರೆಯ ಪಕ್ಕ ಒಂದು ಸಣ್ಣ ಚೌಕ ಎಳೆದೆ. ಮೆಟ್ಟಿಲಿಲ್ಲ, ಅವು ಆಗಲೇ ಗುಡ್ಡದ ಮೇಲಿದ್ದವು. ಕಾಗದವನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದೆ.

“ದೋಣಿ ಮುಟ್ಟಿತು,” ಎಂದಳು ಸಾನಿಕಾ. ಆಮೇಲೆ ತನ್ನ ಮುರುಕು ಕನ್ನಡದಲ್ಲಿ, ಒಂದೊಂದೇ ಶಬ್ದ ಹುಡುಕುತ್ತ: “ಬಾಯಾರ, ಬಾಗಲಾ ತಗೀರಿ. ನಿಮ್ಮ ಅಕ್ಕನ ಮನಿಯಿಂದ ಬಂದೇವಿ. ಕರಕೊಂಡ ಹೋಗಾಕ.”

ಆ ಮನೆಯೊಳಗಿನವಳು ಏನು ಹೇಳುತ್ತಾಳೆಂದು ನನಗೆ ಗೊತ್ತು. ಇಲ್ಲೀತನಕಾ ನೀರ ಬರೂದಿಲ್ಲ ಎನ್ನುತ್ತಾಳೆ, ಗೆರೆ ತೋರಿಸುತ್ತಾಳೆ. ಹೇಳಲು ಬಾಯಿ ತೆರೆದೆ.

“ತಡೀರಪಾ,” ಎಂದೆ. “ಹಾಲಿಗಿ ಒಂದ ಉಕ್ಕ ಬರ್ಲಿ.”

ಓಂಕಾರ, “ಏನಂದಳು?” ಎಂದ. ಫರ್ಹೀನ್ ಯೋಚಿಸಿ, ಏನೋ ಔಷಧ ಹಾಲಿನ ಜೊತೆ ತೆಗೆದುಕೊಳ್ಳಬೇಕಂತೆ ಎಂದಳು. ಸಾನಿಕಾ ಮಾತ್ರ ಮೂಗೆಳೆದುಕೊಂಡು, “ತಡೀತೇವಿ, ಆತ್ಯಾ,” ಎಂದಳು. “ಎಷ್ಟ ಹೊತ್ತಾದ್ರೂ.”

ಅಷ್ಟರಲ್ಲಿ ಐದೂವರೆಯಾಗಿತ್ತು. ಹೊತ್ತು ಮುಳುಗುವ ಮೊದಲು ನನ್ನ ಊಟವಾಗಬೇಕೆಂದು ಎಲ್ಲರಿಗೂ ಗೊತ್ತಿದ್ದರಿಂದ ಆಟ ಅಲ್ಲಿಗೇ ನಿಂತಿತು. ಪರದೆ ಕಪ್ಪಾಯಿತು. ಬೀನ್ಸು ಅರ್ಧ ಸೋಸಿದ್ದು ಹಾಗೇ ಇತ್ತು. ಪಲ್ಯ ಮಾಡಿ ಉಂಡೆ, ಉಪ್ಪು ಇತ್ತೋ ಇಲ್ಲವೋ ನೆನಪಿಲ್ಲ. ಕ್ಯಾಲೆಂಡರಿನ ಹತ್ತಿರ ಹೋಗಿ ಆ ದಿನದ ಚೌಕದಲ್ಲಿ ಬರೆದೆ: “ಹೊಳೆ ಇಪ್ಪತ್ತೆರಡು ಫೂಟು. ಬೀನ್ಸ್ ಪಲ್ಯ.” ಕೆಳಗೆ ಜಾಗ ಉಳಿದಿತ್ತು, ಅಕ್ಕ ಬರೆಯುತ್ತಿದ್ದ ಜಾಗ. ಅಲ್ಲಿ ಬರೆದೆ: “ಬಾಗಿಲಲ್ಲಿ ದೋಣಿ ನಿಂತಿದೆ.”